ನಡಾವಳಿಯಲ್ಲಿ ಇಲ್ಲದ ಹದಿನೈದು ನಿಮಿಷ

ಫೆಬ್ರವರಿ 17, ಸೋಮವಾರ

ಬೇಕರಿಯ ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಮೇಲ್ವಿಚಾರಣೆಯ ಲೈನಿನ ಮಾಲು ಉಗ್ರಾಣದಿಂದ ವಾಪಸು ಬಂತು. ಶುಕ್ರವಾರ ಸುಟ್ಟ, ರೈ ಧಾನ್ಯದ ಸಾದಾ ಗರಿಗರಿ ರೊಟ್ಟಿಯಲ್ಲಿ ಎಳ್ಳು. ಪೊಟ್ಟಣದ ಮೇಲೆ "ಎಳ್ಳು ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಮಾರುವ ರೊಟ್ಟಿ ಇದು! ಉಗ್ರಾಣದ ಪರೀಕ್ಷೆಯಲ್ಲೇ ಸಿಕ್ಕಿತು, ಅಂಗಡಿಗೆ ಹೋಗಲಿಲ್ಲ. ಹೋಗಿದ್ದರೆ? ಎಳ್ಳು ಮೈಗೆ ಒಗ್ಗದ ಯಾವುದೋ ಮಗು ಬೆಳಗಿನ ತಿಂಡಿಗೆ ಬೆಣ್ಣೆ ಸವರಿಕೊಂಡು ತಿಂದಿದ್ದರೆ? ಹದಿನಾಲ್ಕು ಪ್ಯಾಲೆಟ್ ರೊಟ್ಟಿ ಹಂದಿಗಳ ಪಾಲಾಯಿತು.

ಕಾರಣ ಸ್ಪಷ್ಟ. ಗುರುವಾರ ನಾವು ಎಳ್ಳಿನ ರೊಟ್ಟಿ ಮಾಡುತ್ತೇವೆ. ಅದು ಮುಗಿದ ಮೇಲೆ ಲೈನನ್ನು ಪೂರ್ತಿ ಶುಚಿ ಮಾಡಿ ಶುಕ್ರವಾರ ಸಾದಾ ರೊಟ್ಟಿಗೆ ಇಳಿಯುತ್ತೇವೆ. ಹೋದ ಗುರುವಾರ ಶುಚಿ ಮಾಡಿ ಸಹಿ ಹಾಕಿದವಳು ತೂವಾ ಲಿಂಡ್‌ಹೆಮ್. ರೊಟ್ಟಿ ಸಾಗುವ ಪಟ್ಟಿಗಳನ್ನು ಒರೆಸಿದ್ದಾಳೆ, ಗಾಳಿ ಹೊಡೆದಿದ್ದಾಳೆ, ಆದರೆ ರೊಟ್ಟಿಯ ಮೇಲಿನ ಹಿಟ್ಟು ಗುಡಿಸುವ ಬ್ರಷ್ ಉರುಳೆಯನ್ನು ಬಿಚ್ಚಿ ತೊಳೆದಿಲ್ಲ. ಬಿಚ್ಚಿ ತೊಳೆಯಬೇಕೆಂದು ಫೆಬ್ರವರಿ 6ರ ತಿಂಗಳ ಸಭೆಯಲ್ಲೇ ತೀರ್ಮಾನವಾಗಿತ್ತು. ಲೈನಿನ ಏಳೂ ಜನ ಅಲ್ಲಿದ್ದೆವು. ತೂವಾ ಇದ್ದಳು. ಅವಳಿಗಾಗಿ ಕರೆಸಿದ ಸನ್ನೆ ಭಾಷೆಯ ದುಭಾಷಿಯೂ ಇದ್ದ.

ಅವಳು ಹುಟ್ಟಿನಿಂದ ಕಿವುಡಿ. ಮೂವತ್ತೊಂಬತ್ತು ವರ್ಷ. ಹನ್ನೆರಡು ವರ್ಷ ಬೇರೊಂದು ಬೇಕರಿಯಲ್ಲಿದ್ದು, ಅದು ಮುಚ್ಚಿದ ಮೇಲೆ ಅಕ್ಟೋಬರ್ ಒಂದರಂದು ನಮ್ಮಲ್ಲಿಗೆ ಬಂದಳು. ಕಿವುಡರ ಶಾಲೆಗಳಿರುವ ನಮ್ಮ ಓರೆಬ್ರೂ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಕಿವುಡರು ಹೊಸಬರಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ ಕೈಯಲ್ಲಿ ಮಾತಾಡುವವರನ್ನು ದಿನವೂ ನೋಡುತ್ತೇವೆ. ಹೇಗೆ ನಡೆದುಕೊಳ್ಳಬೇಕೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಕೇಳಿದ್ದಕ್ಕೆ ಫೋನಿನಲ್ಲಿ ಬರೆದು ತೋರಿಸಿದಳು: "ಬ್ರಷ್ ವಿಷಯ ನನಗೆ ಯಾರೂ ಹೇಳಲಿಲ್ಲ."

ಮುಖ ನೋಡಿಕೊಂಡೇ ಸುಳ್ಳು. ಲೈನಿನ ದಾಖಲೆ ಪುಸ್ತಕದಲ್ಲಿ ಬರೆಯಬೇಕಾದ್ದನ್ನು ಅಲ್ಲಿ ಬರೆದಾಯಿತು. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.


ಫೆಬ್ರವರಿ 18, ಮಂಗಳವಾರ

ಹೆನ್ನಿಂಗ್ ಕಚೇರಿಗೆ ಕರೆದ. ಬೇಕರಿಯ ಮ್ಯಾನೇಜರ್ ಆಗಿ ಮೂರು ವರ್ಷ. ಒಳ್ಳೆಯವನೇ, ಕೂಗಾಡುವವನಲ್ಲ.

"ಗುನ್ನೆಲ್, ಕೂತ್ಕೋ. ತೂವಾದು ಆರು ತಿಂಗಳ ಪ್ರಾಯೋಗಿಕ ಅವಧಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತೆ. ಬೇಡ ಅನ್ನೋದಾದ್ರೆ ಹದಿನೇಳನೇ ತಾರೀಕಿನೊಳಗೆ ಹೇಳ್ಬೇಕು. ಹೇಳದೇ ಹೋದ್ರೆ ಖಾಯಂ."

"ಬೇಡ ಅಂತೀಯಾ?"

"ಕಾರಣ ಕೊಡಬೇಕು ಅಂತೇನೂ ಇಲ್ಲ. ಆದ್ರೆ ಯೂನಿಯನ್ನವರು ಕೇಳೇ ಕೇಳ್ತಾರೆ. ನೀನು ಎರಡು ಸಾಲು ಬರೆದುಕೊಡು. ಇಂಥ ದಿನ, ಇಂಥ ಸಭೆಯಲ್ಲಿ, ದುಭಾಷಿ ಎದುರಿಗೇ ಹೇಳಲಾಗಿತ್ತು ಅಂತ. ಅಷ್ಟು ಸಾಕು."

ಬರೆದುಕೊಡುತ್ತೇನೆ ಎಂದೆ. ನಿಜವನ್ನು ಬರೆಯಲು ನನಗೇನು ಅಡ್ಡಿ?


ಫೆಬ್ರವರಿ 20, ಗುರುವಾರ

ತೂವಾ ಕಚೇರಿಗೆ ಪತ್ರ ಬರೆದಿದ್ದಾಳೆ. ಹೆನ್ನಿಂಗ್ ನನಗೂ ಮೈಕೆನ್‌ಗೂ ತೋರಿಸಿದ. ಮೈಕೆನ್ ಪೊಟ್ಟಣ ಕಟ್ಟುವ ಯಂತ್ರ ನೋಡಿಕೊಳ್ಳುವವಳು, ನನಗಿಂತ ಎರಡು ವರ್ಷ ಹಳಬಳು. ಪತ್ರದಲ್ಲಿದ್ದದ್ದನ್ನು ಇಲ್ಲಿ ಇಳಿಸಿಕೊಳ್ಳುತ್ತೇನೆ:

"ಇದುವರೆಗೆ ತೊಂಬತ್ನಾಲ್ಕು ದಿನ ಕೆಲಸ ಮಾಡಿದ್ದೇನೆ. ದಿನಕ್ಕೆ ಎರಡು ಕಾಫಿ ವಿರಾಮ. ಈ ವಿರಾಮಗಳಲ್ಲಿ ನನಗೆ ಯಾರಾದರೂ ಏನಾದರೂ ಹೇಳಿದ್ದು ಹನ್ನೊಂದು ಸಲ. ಅದರಲ್ಲಿ ಏಳು ಸಲ ಹೇಳಿದ್ದು, ಹಾಲು ಕೊಡು."

ಎಣಿಸುತ್ತಾ ಕೂತಿದ್ದಳಂತೆ! ನಾವು ನಿಶ್ಚಿಂತೆಯಿಂದ ಕಾಫಿ ಕುಡಿಯುತ್ತಿದ್ದರೆ ಒಬ್ಬಳು ಮೇಜಿನ ತುದಿಯಲ್ಲಿ ಕೂತು ಲೆಕ್ಕ ಇಡುತ್ತಿದ್ದಳು.

ಮೈಕೆನ್ ಕೆಂಪಾದಳು. "ಅಯ್ಯೋ, ಕ್ರಿಸ್‌ಮಸ್ಸಿಗೆ ಅವಳಿಗೆ ನಾನೇ ಉಣ್ಣೆ ಕಾಲುಚೀಲ ಹೆಣೆದುಕೊಟ್ಟಿದ್ದೀನಿ ಕಣೇ! ನೆನಪಿದೆಯಾ, ಹಸಿರು? ಅದನ್ನ ಯಾಕೆ ಬರೆದಿಲ್ಲ?"

ಅದೇ ಮತ್ತೆ. ಈ ಬೇಕರಿಯಲ್ಲಿ ಯಾರೂ ಅವಳನ್ನು ಒಂದು ಕೆಟ್ಟ ಮಾತು ಅಂದಿಲ್ಲ. ದುಭಾಷಿಯನ್ನು ತಿಂಗಳು ತಿಂಗಳೂ ಕರೆಸುತ್ತೇವೆ. ಬೆಂಕಿಯ ಎಚ್ಚರಿಕೆಗೆ ಮಿನುಗುವ ದೀಪ ಹಾಕಿಸಿದ್ದೇವೆ. ಇನ್ನೇನು ಬೇಕಂತೆ?


ಫೆಬ್ರವರಿ 21, ಶುಕ್ರವಾರ

ಅವಳ ಲೆಕ್ಕ ತಪ್ಪೆಂದು ತೋರಿಸಲು ನಾನೂ ಎಣಿಸಿದೆ.

ಬೆಳಗಿನ ವಿರಾಮ: ಸೊನ್ನೆ.

ಮಧ್ಯಾಹ್ನ: ಒಂದು. ಬಾಗಿಲು ಹಾಕು ಎಂದು ಮೈಕೆನ್ ಕೈಯಾಡಿಸಿದಳು.

ಪತ್ರದ ಸುದ್ದಿಯಿಂದ ಎಲ್ಲರಿಗೂ ಮನಸ್ಸು ಕೆಟ್ಟಿತ್ತು. ಇಂಥ ದಿನ ಲೆಕ್ಕಕ್ಕೆ ಬರುವುದಿಲ್ಲ. ಸೋಮವಾರ ಮತ್ತೆ ಎಣಿಸುತ್ತೇನೆ.


ಫೆಬ್ರವರಿ 24, ಸೋಮವಾರ

ಟೊರ್ನಿ ನಮ್ಮ ಮೆಕ್ಯಾನಿಕ್, ಮಾತಿನ ಮಲ್ಲ. ಭಾನುವಾರ ಕೆರೆಯ ಮಂಜುಗಡ್ಡೆಗೆ ತೂತು ಕೊರೆದು ಗಾಳ ಹಾಕಿ ಕೂತಿದ್ದನಂತೆ. ಸೀನು ಬಂದು, ಹಲ್ಲಿನ ಸೆಟ್ಟು ನೇರ ತೂತಿನೊಳಗೆ.

"ಮೀನು ಸಿಕ್ತಾ?" ಅಂದಳು ಮೈಕೆನ್.

"ಸಿಗದೆ? ನನ್ನ ಹಲ್ಲು ಕಟ್ಕೊಂಡು ನಗ್ತಾ ಬಂತು!"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತೂವಾ ತಲೆ ಎತ್ತಿ ಒಬ್ಬೊಬ್ಬರ ಮುಖ ನೋಡಿದಳು. ಹುಬ್ಬು ಏರಿಸಿ ಮೈಕೆನ್ ಕಡೆ ತಿರುಗಿದಳು. ಮೈಕೆನ್ ಕೈ ಬೀಸಿದಳು, ಏನಿಲ್ಲ, ಆಮೇಲೆ ಹೇಳ್ತೀನಿ ಎನ್ನುವ ಹಾಗೆ. ತೂವಾ ಮತ್ತೆ ಫೋನಿಗೆ ತಲೆ ಬಗ್ಗಿಸಿದಳು.

ಪಾಳಿ ಮುಗಿಯುವವರೆಗೂ ನೋಡಿದೆ. ಕೋಟು ಹಾಕಿಕೊಳ್ಳುವಾಗ ಮೈಕೆನ್‌ಳನ್ನು ಕೇಳಿದೆ, "ಹೇಳಿದ್ಯಾ?"

"ಏನನ್ನ?"

"ತೂವಾಗೆ. ಹಲ್ಲಿನ ಕತೆ."

"ಓ ಅದಾ! ಬಿಡೇ, ಅದನ್ನೆಲ್ಲ ಬರೆದು ತೋರಿಸೋಕೆ ಎಷ್ಟು ಹೊತ್ತು ಬೇಕು."

ಹಲ್ಲಿನ ಕತೆ ಗೊತ್ತಾಗದಿದ್ದರೆ ಯಾರೂ ಸಾಯುವುದಿಲ್ಲ. ಇವತ್ತಿನ ಲೆಕ್ಕ: ಒಂದು. "ಆಮೇಲೆ" ಎಂಬುದನ್ನು ಮಾತೆಂದು ಹಿಡಿದರೆ.


ಫೆಬ್ರವರಿ 26, ಬುಧವಾರ

ಹೆನ್ನಿಂಗ್‌ಗೆ ಬೇಕಾದ ಎರಡು ಸಾಲು ಬರೆಯಲು ಕೂತೆ. ತಾರೀಕು, ಹೊತ್ತು, ಯಾವ ವಿಷಯದ ಕೆಳಗೆ ಚರ್ಚೆಯಾಯಿತು ಎಂಬುದೆಲ್ಲ ಇರಬೇಕಲ್ಲ. ಫೆಬ್ರವರಿ 6ರ ನಡಾವಳಿ ತೆಗೆದೆ. ನಡಾವಳಿ ಬರೆಯುವವಳು ನಾನೇ.

ಕಿವಿಗೆ ಹಾಕುವ ಹೊಸ ರಕ್ಷಾಕವಚ. ಬೇಸಿಗೆ ರಜೆಯ ಪಟ್ಟಿ. ನೆಲ ಜಾರುವ ದೂರು. ಒಂಬತ್ತು ಹದಿನೈದರಿಂದ ಒಂಬತ್ತು ಮೂವತ್ತು, ವಿರಾಮ. ಆಮೇಲೆ ಪ್ಯಾಲೆಟ್‌ಗಳ ಎತ್ತರ. ಮುಕ್ತಾಯ.

ಬ್ರಷ್ ಇಲ್ಲ.

ಮೂರು ಸಲ ಓದಿದೆ. ನಾನು ಬರೆಯಲು ಮರೆತಿರಬೇಕು. ಆದರೆ ನಾನು ಮರೆಯುವವಳಲ್ಲ. ಕಣ್ಣು ಮುಚ್ಚಿ ನೆನೆಸಿಕೊಂಡೆ. ಟೊರ್ನಿ ಎದ್ದು ನಿಂತು ಹೇಳುತ್ತಿದ್ದಾನೆ, "ಬ್ರಷ್ಷಿನ ಕೂದಲ ಬುಡದಲ್ಲಿ ಎಳ್ಳು ಗೂಡು ಕಟ್ಟಿದೆ ಕಣ್ರೋ, ಗಾಳಿ ಹೊಡೆದ್ರೆ ಹೋಗಲ್ಲ." ನಾನು ಹೇಳುತ್ತಿದ್ದೇನೆ, "ಹಾಗಾದ್ರೆ ಇವತ್ತಿಂದ್ಲೇ ಬಿಚ್ಚಿ ತೊಳೀರಿ." ಎಲ್ಲರೂ ತಲೆಯಾಡಿಸುತ್ತಿದ್ದಾರೆ. ಟೊರ್ನಿಯ ಕೈಯಲ್ಲಿ ದಾಲ್ಚಿನ್ನಿ ಬನ್ನು. ನನ್ನ ಕೈಯಲ್ಲಿ ಲೋಟ.

ಸಭೆ ನಡೆಯುವಾಗ ಬನ್ನು ತಿನ್ನಲು ನಾನು ಯಾರನ್ನೂ ಬಿಡುವುದಿಲ್ಲ.

ಇರಲಿ, ವಿರಾಮದಲ್ಲೇ ಆಗಿರಲಿ. ತೂವಾ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿದ್ದಳು. ದುಭಾಷಿಯೂ ಅದೇ ಕೋಣೆಯಲ್ಲಿದ್ದ. ಅವನು ಹೇಳಿಯೇ ಇರುತ್ತಾನೆ. ಮುಂದಿನ ಸಭೆಗೆ ಬಂದಾಗ ಅವನನ್ನೇ ಕೇಳಿ, ಆಮೇಲೆ ಎರಡು ಸಾಲು ಬರೆದರಾಯಿತು. ಹೆನ್ನಿಂಗ್‌ಗೆ ಒಂದು ವಾರ ತಡೆ ಎಂದೆ.


ಮಾರ್ಚ್ 4, ಮಂಗಳವಾರ

ಇವತ್ತು ಸೆಮ್ಲಾ ಬನ್ನು ತಿನ್ನುವ ಹಬ್ಬ. ಬೆಳಿಗ್ಗೆ ಬರುವಾಗ ಕೆನೆ ತುಂಬಿದ ಏಳು ಬನ್ನು ಕೊಂಡು ತಂದೆ.

ನಮ್ಮ ಕಾಫಿ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುರ್ಚಿ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಇನ್ನೊಬ್ಬರದಕ್ಕೆ ಯಾರೂ ಕೂರುವುದಿಲ್ಲ. ನನ್ನದು ಕಿಟಕಿಗೆ ಬೆನ್ನು ಮಾಡಿದ್ದು. ಅಲ್ಲಿ ಗಾಳಿ ಬೀಸುತ್ತದೆಂದು ಇವತ್ತು ಎದುರುಗಡೆ ಕೂತೆ.

ಟೊರ್ನಿ ಲೋಟ ಕೆಳಗಿಟ್ಟ. "ಏನಮ್ಮಾ ಗುನ್ನೆಲ್, ಇಪ್ಪತ್ತು ವರ್ಷದ ಸಿಂಹಾಸನ ಬಿಟ್ಟೆ? ಜ್ವರ ಗಿರ ಬಂದಿದೆಯಾ?"

"ಗಾಳಿ ಬೀಸುತ್ತೆ."

"ಇಪ್ಪತ್ತು ವರ್ಷ ಬೀಸಿರ್ಲಿಲ್ವಾ?"

ಈಗ ಬೆಳಕು ನನ್ನ ಮುಖದ ಮೇಲೆ ಬೀಳುತ್ತಿತ್ತು. ತೂವಾ ಎದುರಿಗಿದ್ದಳು, ನನ್ನ ತುಟಿ ಅವಳಿಗೆ ಕಾಣುತ್ತಿತ್ತು. ಕೂತ ಮೇಲೆ ಸುಮ್ಮನಿರುವುದು ಚೆನ್ನಾಗಿರುವುದಿಲ್ಲವೆಂದು ಬನ್ನಿನ ಚೀಲದ ಹಿಂದೆ ಬರೆದೆ: "ಬಾದಾಮಿ ಹೂರಣ ಹೇಗಿದೆ?"

ಅವಳು ಪೆನ್ನು ತೆಗೆದುಕೊಂಡು ಚೀಲದ ಎರಡೂ ಬದಿ ತುಂಬಿಸಿದಳು. ಹೂರಣಕ್ಕೆ ಸಕ್ಕರೆ ಹೆಚ್ಚು. ಬನ್ನಿನ ಹಿಟ್ಟು ನಾದಿದ್ದು ಸಾಲದು. ನಮ್ಮ ರೈ ಹಿಟ್ಟನ್ನು ಚಳಿಗಾಲದಲ್ಲಿ ಇನ್ನೂ ಇಪ್ಪತ್ತು ನಿಮಿಷ ಹುದುಗಲು ಬಿಡಬೇಕು, ಅದಕ್ಕೇ ಜನವರಿಯಿಂದ ಅಂಚು ಒಡೆಯುತ್ತಿದೆ. (ಒಡೆಯುತ್ತಿರುವುದು ನಿಜ. ಟೊರ್ನಿ ಒಲೆಯ ಮೇಲೆ ತಪ್ಪು ಹೊರಿಸುತ್ತಿದ್ದಾನೆ.) ಕೊನೆಯಲ್ಲಿ ಇದು:

"ನವೆಂಬರಿನಲ್ಲಿ ಬ್ರಷ್ಷಿನ ಬುಡದಲ್ಲಿ ಎಳ್ಳು ಇರುವುದನ್ನು ನಿನ್ನನ್ನು ಕರೆದು ತೋರಿಸಿದೆ. ನೀನು ಹೆಬ್ಬೆರಳು ಎತ್ತಿ ಹೋದೆ."

ನನಗೆ ನೆನಪಿದೆ. ಬ್ರಷ್ ಶುಚಿ ಮಾಡಿದ್ದೇನೆ ನೋಡು ಎಂದು ತೋರಿಸುತ್ತಿದ್ದಾಳೆ ಅಂದುಕೊಂಡಿದ್ದೆ. ಭೇಷ್ ಎಂದು ಹೆಬ್ಬೆರಳು ಎತ್ತಿದೆ.

ಸರಿಯಾಗಿ ಹೇಳಬಾರದಿತ್ತೇ ಅವಳು? ದಾರಿಯುದ್ದಕ್ಕೂ ಅದೇ ಸಿಟ್ಟು. ಬಸ್ಸು ಇಳಿಯುವ ಹೊತ್ತಿಗೆ ಹೊಳೆಯಿತು: ಬೆರಳಿಟ್ಟು ತೋರಿಸಿದ್ದಳು. ಅದಕ್ಕಿಂತ ಸರಿಯಾಗಿ ಹೇಳುವುದು ಹೇಗೆ?

ಟೊರ್ನಿ ಕಂಡುಹಿಡಿದದ್ದೆಂದು ನಾವೆಲ್ಲ ತಲೆಯಾಡಿಸಿದ ಸಂಗತಿ ಅವಳಿಗೆ ಎರಡೂವರೆ ತಿಂಗಳ ಮೊದಲೇ ಗೊತ್ತಿತ್ತು.


ಮಾರ್ಚ್ 6, ಗುರುವಾರ

ತಿಂಗಳ ಸಭೆ. ದುಭಾಷಿ ಮಾಲ್ಟೆ ಎಂಟೂವರೆಗೇ ಬಂದ. ಬಾಗಿಲಲ್ಲೇ ಹಿಡಿದು ಕೇಳಿದೆ, ಹೋದ ಸಲ ಬ್ರಷ್ಷಿನ ಮಾತು ಬಂದಾಗ ತೂವಾಗೆ ಹೇಳಿದೆಯಾ ಎಂದು.

"ಗುನ್ನೆಲ್, ಕೆಲಸದಲ್ಲಿದ್ದಾಗ ಏನು ಮಾತಾಯ್ತು ಅಂತ ನಾನು ಬಾಯಿ ಬಿಡೋ ಹಾಗಿಲ್ಲ. ಅದು ನಮ್ಮ ನಿಯಮ, ಮುರಿದ್ರೆ ಕೆಲಸ ಹೋಗುತ್ತೆ."

"ನಾನು ಗುಟ್ಟು ಕೇಳ್ತಿಲ್ಲ ಮಾರಾಯ. ಹೇಳಿದ್ಯೋ ಇಲ್ವೋ?"

ಅವನು ಟೋಪಿ ತೆಗೆದ. "ನಾನು ಯಾವಾಗ ಕೆಲಸದಲ್ಲಿ ಇರ್ಲಿಲ್ಲ ಅನ್ನೋದನ್ನ ಹೇಳ್ಬಹುದು. ಒಂಬತ್ತು ಹದಿನೈದರಿಂದ ಒಂಬತ್ತು ಮೂವತ್ತರ ತನಕ ನನಗೂ ವಿರಾಮ. ಕೈ ಸೋತಿರುತ್ತೆ. ಆವತ್ತು ಹೊರಗೆ ಮೆಟ್ಟಿಲ ಮೇಲೆ ಕೂತು ಬನ್ನು ತಿಂದೆ."

ಅಲ್ಲಿಗೆ ಮುಗಿಯಿತು.

ಇಲ್ಲ, ಮುಗಿಯಲಿಲ್ಲ. ಒಂಬತ್ತು ಹದಿನೈದಕ್ಕೆ ಎಲ್ಲರೂ ಕಾಫಿಗೆ ಎದ್ದರು. ಮಾಲ್ಟೆ ಹೊರಗೆ ಹೋದ. ಹೆನ್ನಿಂಗ್ ಲೋಟಕ್ಕೆ ಕಾಫಿ ಬಗ್ಗಿಸಿಕೊಳ್ಳುತ್ತಾ ಶುರು ಮಾಡಿದ, "ಹೂಂ, ಈಸ್ಟರ್ ವಾರದ ಪಾಳಿ ಇದೆಯಲ್ಲ, ಅದನ್ನ ಐದು ಗಂಟೆಗೆ ಶುರು ಮಾಡಿದ್ರೆ ಹೇಗೆ?" ಮೈಕೆನ್ ಸರಿ ಅಂದಳು. ಟೊರ್ನಿ ಐದೂವರೆ ಅಂದ. ಉಳಿದವರು ಒಂದೊಂದು ಮಾತು ಸೇರಿಸಿದರು. ಐದೂಕಾಲಿಗೆ ಎಲ್ಲರೂ ಒಪ್ಪಿದರು. ಅಷ್ಟರಲ್ಲಿ ನನ್ನ ಬಾಯಿಂದ ಬಂತು:

"ತಡೀರಿ. ಇದು ಕೆಲಸದ ಮಾತು. ಮಾಲ್ಟೆ ಬರ್ಲಿ."

"ಅಯ್ಯೋ ಮಾರಾಯ್ತಿ," ಹೆನ್ನಿಂಗ್ ನಕ್ಕ, "ಕಾಫಿ ಕುಡೀತಾ ಒಂದು ಮಾತಾಡೋದೂ ತಪ್ಪಾ?"

"ಈಗ ಪಾಳಿ ನಿರ್ಧಾರ ಮಾಡಿದ್ಯಲ್ಲ."

"ಎಲ್ಲಿ ಮಾಡ್ದೆ? ಸುಮ್ನೆ ಮಾತಾಡಿದ್ವಿ. ಆಮೇಲೆ ಸಭೆಯಲ್ಲಿ ತೊಗೊಳ್ತೀವಲ್ಲ."

ತೆಗೆದುಕೊಂಡ. ಮಾಲ್ಟೆ ಬಂದು ಕೂತ, ಕೈ ಸಿದ್ಧ ಮಾಡಿಕೊಂಡ. "ಈಸ್ಟರ್ ಪಾಳಿ ಐದೂಕಾಲಿಗೆ. ಯಾರಿಗಾದ್ರೂ ಅಭ್ಯಂತರ? ಇಲ್ಲ. ಮುಂದಿನದು." ನಲವತ್ತು ಸೆಕೆಂಡು. ತೂವಾ ಕೈ ಎತ್ತುವಷ್ಟರಲ್ಲಿ ಮುಂದಿನದು ಬಂದಿತ್ತು. ಅವಳ ಮೊದಲ ಬಸ್ಸು ಇಲ್ಲಿಗೆ ಬಂದು ಮುಟ್ಟುವುದೇ ಐದೂವರೆಗೆ ಎಂದು ಆಮೇಲೆ ನನಗೆ ಬರೆದು ತೋರಿಸಿದಳು. ಅವಳು ಯಾವ ಊರಿಂದ ಬರುತ್ತಾಳೆಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಇಷ್ಟು ತಿಂಗಳೂ ದುಭಾಷಿಯನ್ನು ಕರೆಸಿ, ಹೆಮ್ಮೆಪಟ್ಟು, ಅವನ ಕೈಗೆ ನಾವು ಕೊಟ್ಟದ್ದು ಖಾಲಿ ಮಾತುಗಳನ್ನು. ತಿರುಳನ್ನೆಲ್ಲ ಕಾಫಿಯ ಜೊತೆ ನಾವೇ ಕುಡಿದು ಮುಗಿಸಿರುತ್ತಿದ್ದೆವು. ಆಮೇಲೆ ಹೊಟ್ಟನ್ನು ಸನ್ನೆ ಭಾಷೆಗೆ ತಿರುಗಿಸುವುದು! ಇಂಥ ಏರ್ಪಾಟು ಮಾಡಿದ ಮೂರ್ಖರು ಯಾರು? ಸಭೆಯ ನಡುವೆ ವಿರಾಮ ಇರಲಿ ಎಂದು ಹದಿನೆಂಟು ವರ್ಷದ ಹಿಂದೆ ನಡಾವಳಿಯಲ್ಲಿ ಬರೆದಿರುವ ಅಕ್ಷರ ನನ್ನದೇ.


ಮಾರ್ಚ್ 7, ಶುಕ್ರವಾರ

ಹೆನ್ನಿಂಗ್: "ಎರಡು ಸಾಲು?"

ನಾನು: "ಬರೆಯೋಕಾಗಲ್ಲ. ಅವಳಿಗೆ ಹೇಳಿರ್ಲಿಲ್ಲ."

"ಸಭೆ ದಿನ ಹೇಳಿಯಾಗಿತ್ತು ಅಂತ ನೀನೇ ಅಂದೆಯಲ್ಲ."

"ವಿರಾಮದಲ್ಲಿ ಹೇಳಿದ್ದು. ದುಭಾಷಿ ಹೊರಗಿದ್ದ."

ಅವನು ಕಣ್ಣು ಉಜ್ಜಿಕೊಂಡ. "ಸರಿ ಹಾಗಾದ್ರೆ. ಬಾಯಲ್ಲಿ ಹೇಳಲಾಗಿತ್ತು ಅಂತ ಬರಿ. ಅದು ಸುಳ್ಳಲ್ವಲ್ಲ."

"ಯಾರ ಬಾಯಿ ಹೆನ್ನಿಂಗ್? ಯಾರ ಕಿವಿಗೆ?"

"ನೋಡು ಗುನ್ನೆಲ್, ಯಾರೂ ಅವಳ ಮೇಲೆ ಹಗೆ ಸಾಧಿಸ್ತಿಲ್ಲ. ನಮ್ಮ ತಂಡಕ್ಕೆ ಅವಳು ಹೊಂದ್ಕೊಳ್ಳಲಿಲ್ಲ, ಅಷ್ಟೇ. ಅದೂ ಒಂದು ಕಾರಣವೇ."

ಹೊಂದಿಕೊಳ್ಳಲಿಲ್ಲ! ಆರು ಜನ ಮೇಜಿನ ಸುತ್ತ ಏಳನೆಯವಳಿಗೆ ಬೆನ್ನು ಮಾಡಿ ಕೂತು, ಅವಳು ಮೇಜಿಗೆ ಬರುತ್ತಿಲ್ಲವೆಂದು ದೂರುವುದು. ನಾನು ಬಾಗಿಲು ಜೋರಾಗಿ ಹಾಕಿಕೊಂಡು ಬಂದೆ. ಬಾಗಿಲು ಜೋರಾಗಿ ಹಾಕುವ ಅಭ್ಯಾಸ ನನಗಿಲ್ಲ.


ಮಾರ್ಚ್ 10, ಸೋಮವಾರ

ಒಲೆ ಇಪ್ಪತ್ತೆರಡು ಮೀಟರ್ ಉದ್ದ, ಅದರ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲ. ಇಷ್ಟು ವರ್ಷ ಆ ತುದಿಗೆ ನಡೆದುಹೋಗಿ ಕಿವಿಯಲ್ಲಿ ಕೂಗುತ್ತಿದ್ದೆವು. ಈಗ ತೂವಾ ಆ ತುದಿಯಿಂದ ನಿಲ್ಲಿಸು, ಬಿಸಿ ಹೆಚ್ಚು, ಅಂಚು ಒಡೆದಿದೆ ಎಂದು ಕೈಯಲ್ಲಿ ಹೇಳುತ್ತಾಳೆ, ಸೆಮ್ಲಾ ದಿನದಿಂದ ಅವಳ ನಾಲ್ಕಾರು ಸನ್ನೆ ಕಲಿತ ನನಗೆ ಗೊತ್ತಾಗುತ್ತದೆ. ಮಂಡಿನೋವಿಗೆ ಒಳ್ಳೆಯದು. ಹುದುಗುವ ಹೊತ್ತು ಇಪ್ಪತ್ತು ನಿಮಿಷ ಹೆಚ್ಚಿಸಿದೆ. ಅಂಚು ಒಡೆಯುವುದು ನಿಂತಿದೆ.


ಮಾರ್ಚ್ 12, ಬುಧವಾರ

ಲೋಪ ವರದಿಯ ನಮೂನೆಯಲ್ಲಿ "ಕಾರಣ" ಎಂಬ ಅಂಕಣವಿದೆ. ಎಳ್ಳಿನ ಘಟನೆಯ ವರದಿ ಆ ಅಂಕಣ ಖಾಲಿ ಬಿಟ್ಟು ನನ್ನ ಮೇಜಿನ ಮೇಲೇ ಇತ್ತು. ಇವತ್ತು ತುಂಬಿಸಿದೆ:

"ಶುಚಿಗೊಳಿಸುವ ಕ್ರಮವನ್ನು ಲೈನ್ ಮೇಲ್ವಿಚಾರಕಿ ಫೆ. 6ರಂದು ಕಾಫಿ ವಿರಾಮದಲ್ಲಿ ಬಾಯಿಮಾತಿನಲ್ಲಿ ಬದಲಿಸಿದರು. ದುಭಾಷಿ ಆಗ ಕೆಲಸದಲ್ಲಿ ಇರಲಿಲ್ಲ. ಗೋಡೆಯ ಮೇಲಿನ ಸೂಚನಾ ಪತ್ರವನ್ನು ಬದಲಿಸಲಿಲ್ಲ. ಟಿ. ಲಿಂಡ್‌ಹೆಮ್ ಸೂಚನಾ ಪತ್ರದ ಪ್ರಕಾರ ಸರಿಯಾಗಿಯೇ ಕೆಲಸ ಮಾಡಿದ್ದಾರೆ. ಇದೇ ದೋಷವನ್ನು ಅವರು ನವೆಂಬರಿನಲ್ಲಿ ಮೇಲ್ವಿಚಾರಕಿಗೆ ತೋರಿಸಿದ್ದರು, ಮೇಲ್ವಿಚಾರಕಿ ಗಮನಿಸಲಿಲ್ಲ. ಹೊಣೆ: ಗುನ್ನೆಲ್ ಓಸ್ಟ್ರಾಂಡ್."

ಸಹಿ ಹಾಕಿ ಹೆನ್ನಿಂಗ್‌ಗೊಂದು ಪ್ರತಿ, ನಿಯಮದ ಪ್ರಕಾರ ಯೂನಿಯನ್ನಿನ ಸುರಕ್ಷಾ ಪ್ರತಿನಿಧಿಗೊಂದು ಪ್ರತಿ ಕಳಿಸಿದೆ. ರೊಟ್ಟಿ ಕೊಳ್ಳುವ ಅಂಗಡಿಗಳವರು ವರ್ಷಕ್ಕೊಮ್ಮೆ ಬಂದು ಈ ವರದಿಗಳನ್ನು ಓದುತ್ತಾರೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನ ಹೆಸರಿನಲ್ಲಿ ಒಂದೂ ಇರಲಿಲ್ಲ.

ಹೆನ್ನಿಂಗ್ ಮೊದಲ ಸಲ ಕೂಗಿದ. "ಇದನ್ನ ಬರೆಯೋಕೆ ಮುಂಚೆ ನನ್ನ ಹತ್ರ ಒಂದು ಮಾತು ಆಡಬಾರದಿತ್ತಾ?"

"ಎಲ್ಲಿ? ಕಾಫಿ ಕುಡೀತಾನಾ?"

ಸುದ್ದಿ ಅರ್ಧ ಗಂಟೆಯಲ್ಲಿ ಹರಡಿತು. ಟೊರ್ನಿ ಸ್ಪ್ಯಾನರ್ ಹಿಡಿದುಕೊಂಡೇ ಬಂದ. "ಇನ್ಮೇಲೆ ಕಾಫಿ ಕುಡಿಯೋಕೂ ಅರ್ಜಿ ಹಾಕ್ಬೇಕೇನಮ್ಮ? ನಾನು ಬಾಯಿ ಬಿಟ್ಟಿದ್ದೆಲ್ಲ ನೀನು ಬರೆದು ಮೇಲಕ್ಕೆ ಕಳಿಸ್ತೀಯಾ?"

"ನೀನು ಬಾಯಿ ಬಿಡು. ಅವಳ ಕಡೆ ಮುಖ ಮಾಡಿ ಬಿಡು. ಅಷ್ಟೇ ಕೇಳ್ತಿರೋದು."

"ನನ್ನ ಮುಖ ನೋಡೋಕೆ ನನ್ನ ಹೆಂಡ್ತಿಗೇ ಇಷ್ಟ ಇಲ್ಲ," ಅಂದ. ನಗಲಿಲ್ಲ.


ಮಾರ್ಚ್ 14, ಶುಕ್ರವಾರ

ಮೈಕೆನ್ ಅತ್ತಳು. ಅವರೆಲ್ಲ ಕೆಟ್ಟವರು ಅಂತ ನಾನು ಬರೆದೆನಂತೆ. ನಾನು ಬರೆದದ್ದು ನನ್ನ ಹೆಸರೊಂದನ್ನೇ. ಅದನ್ನು ಯಾರೂ ಓದಿಲ್ಲ.

ಕಾಫಿ ಕೋಣೆಯಲ್ಲಿ ನನ್ನ ಜೊತೆ ಮಾತಾಡಿದವಳು ತೂವಾ ಒಬ್ಬಳೇ. ಹನ್ನೆರಡು ನಿಮಿಷ, ಕೈ ಮತ್ತು ಕಾಗದ ಸೇರಿ. ಹಲ್ಲಿನ ಕತೆ ಹೇಳಿದೆ. ಮೀನು ಹಲ್ಲು ಕಟ್ಟಿಕೊಂಡು ಬರುವುದನ್ನು ನಾನು ಕೈಯಲ್ಲಿ ಮಾಡಿ ತೋರಿಸಿದಾಗ ಅವಳು ಕಾಫಿ ಉಗುಳಿದಳು. ಟೊರ್ನಿ ಆ ಕಡೆಯಿಂದ ನೋಡುತ್ತಿದ್ದ.


ಮಾರ್ಚ್ 17, ಸೋಮವಾರ

ಕೊನೆಯ ದಿನ. ಬೆಳಿಗ್ಗೆಯಿಂದ ಕಚೇರಿಯ ಬಾಗಿಲನ್ನೇ ನೋಡುತ್ತಿದ್ದೆ. ಎರಡು ಸಲ ಹಿಟ್ಟಿನ ತೂಕ ತಪ್ಪು ಬರೆದೆ.

ಮೂರು ಗಂಟೆಗೆ ಹೆನ್ನಿಂಗ್ ಲಕೋಟೆ ಹಿಡಿದು ಬಂದ. ತೂವಾ ಕತ್ತರಿಸುವ ಯಂತ್ರದ ಬಳಿ ನಿಂತಿದ್ದಳು, ಅವಳೂ ಅವನನ್ನೇ ನೋಡುತ್ತಿದ್ದಳು. ಅವನು ಅವಳನ್ನು ದಾಟಿಕೊಂಡು ನನ್ನ ಬಳಿಗೆ ಬಂದ. ಲಕೋಟೆ ನನಗೆ. ಸೂಚನಾ ಪತ್ರ ಬದಲಿಸದೆ ಕೆಲಸದ ಕ್ರಮ ಬದಲಿಸಿದ್ದಕ್ಕೆ ಲಿಖಿತ ಎಚ್ಚರಿಕೆ. ಸರಿಯಾಗಿಯೇ ಇದೆ.

"ಅವಳಿಗೆ?"

"ಅವಳಿಗೇನು? ಏನಿಲ್ಲ. ಆ ವರದಿ ಇಟ್ಕೊಂಡು ಅವಳನ್ನ ಕಳಿಸಿದ್ರೆ ಯೂನಿಯನ್ನವರು ನನ್ನನ್ನ ನಿನ್ನ ಒಲೆಗೇ ಹಾಕ್ತಾರೆ."

"ಹಾಗಂತ ಅವಳಿಗೆ ಹೇಳು."

"ಹೇಳೋ ಅಗತ್ಯ ಇಲ್ಲ. ಹೇಳದಿದ್ರೇನೇ ಖಾಯಂ."

"ಹೆನ್ನಿಂಗ್. ಅವಳು ಬೆಳಿಗ್ಗೆಯಿಂದ ನಿನ್ನ ಬಾಗಿಲು ನೋಡ್ತಾ ನಿಂತಿದ್ದಾಳೆ."

ಅವನು ಭುಜ ಕುಣಿಸಿ ಹೋದ. ನಾನೇ ಹೋಗಿ ಬರೆದು ತೋರಿಸಿದೆ, ವರದಿಯ ಪ್ರತಿಯನ್ನೂ ಕೊಟ್ಟೆ. ಅವಳು ನಿಂತಲ್ಲೇ ಪೂರ್ತಿ ಓದಿದಳು. ನಾನು ಏನನ್ನು ಕಾಯುತ್ತಿದ್ದೆನೋ ಗೊತ್ತಿಲ್ಲ. ಅವಳು ಬರೆದದ್ದು ಇಷ್ಟು: "ನಿನ್ನ ಹೆಸರು ಬರೆದಿದ್ದೀಯ. ಸರಿ. ಅದು ನಿನ್ನದೇ ತಪ್ಪಾಗಿತ್ತು."

ಒಂದು ಥ್ಯಾಂಕ್ಸ್ ಇಲ್ಲ! ಮನೆಗೆ ಬಂದು ಸಿಟ್ಟಿನಲ್ಲಿ ಆಲೂಗಡ್ಡೆಯ ಸಿಪ್ಪೆ ದಪ್ಪದಪ್ಪಗೆ ಕೆತ್ತಿದೆ. ನನ್ನ ಇಪ್ಪತ್ತೊಂಬತ್ತು ವರ್ಷದ ಹೆಸರು!

ಊಟ ಆದ ಮೇಲೆ ಎಚ್ಚರಿಕೆ ಪತ್ರವನ್ನು ಮತ್ತೆ ಓದಿದೆ. ಅವಳು ಬರೆದದ್ದರಲ್ಲಿ ತಪ್ಪು ಪದ ಯಾವುದು ಎಂದು ಹುಡುಕಿದೆ. ಸಿಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು.


ಏಪ್ರಿಲ್ 3, ಗುರುವಾರ

ತಿಂಗಳ ಸಭೆಗೆ ನಡುವೆ ವಿರಾಮವಿಲ್ಲ. ಮೊದಲು ಕಾಫಿ, ಆಮೇಲೆ ಸಭೆ, ಮಾಲ್ಟೆ ಪೂರ್ತಿ ಹೊತ್ತು. ಈಸ್ಟರ್ ಪಾಳಿ ಐದು ಮುಕ್ಕಾಲಿಗೆ ಹೋಯಿತು. ತೂವಾ ಹದಿನಾಲ್ಕು ನಿಮಿಷ ಮಾತಾಡಿದಳು, ಖಾಯಂ ಆಗಿ ಮೂರನೇ ದಿನಕ್ಕೇ. ಅದರಲ್ಲಿ ಮೂರು ನಿಮಿಷ ನಾನು ಯಂತ್ರದ ಕಡೆ ತಿರುಗಿಕೊಂಡು ಮಾತಾಡುತ್ತೇನೆ ಎಂಬುದರ ಬಗ್ಗೆ. ಎಲ್ಲವನ್ನೂ ನಡಾವಳಿಯಲ್ಲಿ ಬರೆದೆ. ಪೆನ್ನು ಒತ್ತಿ ಒತ್ತಿ ಬರೆದೆ.


ಏಪ್ರಿಲ್ 8, ಮಂಗಳವಾರ

ಇವತ್ತು ತೂವಾ ಲೈನು ನಿಲ್ಲಿಸಿದಳು.

ಅಂದಂದಿನ ಕೆಲಸ ಬರೆಯುವ ಬೋರ್ಡಿನ ಮೇಲೆ ಚೌಕ ರೊಟ್ಟಿ ಮೊದಲು, ದುಂಡು ರೊಟ್ಟಿ ಆಮೇಲೆ ಎಂದಿತ್ತು. ಬೆಳಗಿನ ಕಾಫಿಯ ಹೊತ್ತಿಗೆ ನಾನು ಹಿಟ್ಟಿನ ಕೋಣೆಯಲ್ಲಿದ್ದೆ. ಅಂಗಡಿಯವರು ದುಂಡು ರೊಟ್ಟಿ ಬೇಗ ಬೇಕೆಂದರಂತೆ, ಹೆನ್ನಿಂಗ್ ಕಾಫಿ ಕೋಣೆಯ ಬಾಗಿಲಲ್ಲಿ ನಿಂತು ಅಲ್ಲಿದ್ದವರಿಗೆಲ್ಲ ಕೇಳುವಂತೆ ಮೈಕೆನ್‌ಗೆ ಹೇಳಿ ಹೋದ. ಮೈಕೆನ್ ದಾರಿಯಲ್ಲಿ ಹಿಟ್ಟಿನ ಕೋಣೆಗೆ ಇಣುಕಿ ನನಗೂ ಕೂಗಿ ಹೇಳಿ, ಲೈನಿಗೆ ಬಂದು ಬದಲಾಯಿಸು ಎಂದು ತೂವಾಗೆ ಕೈ ಆಡಿಸಿದಳು. ತೂವಾ ಬೋರ್ಡು ನೋಡಿದಳು. ಬೋರ್ಡು ಬದಲಾಗಿರಲಿಲ್ಲ. ಮೈಕೆನ್ ಮತ್ತೆ ಕೈ ಆಡಿಸಿದಳು. ತೂವಾ ಕೆಂಪು ಗುಂಡಿ ಒತ್ತಿ, ಅದರ ಮೇಲೆ ಅಂಗೈ ಇಟ್ಟು ನಿಂತಳು.

ಲೈನು ನಿಂತ ಸದ್ದು ಎಲ್ಲ ಕೋಣೆಗೂ ಕೇಳಿಸುತ್ತದೆ. ನಾನು ಓಡಿಬಂದೆ. ಹೆನ್ನಿಂಗ್ ಓಡಿಬಂದ.

"ಏನಾಯ್ತು? ಯಾರಿಗಾದ್ರೂ ಪೆಟ್ಟಾಯ್ತಾ?"

"ಯಾರಿಗೂ ಏನೂ ಆಗಿಲ್ಲ," ಮೈಕೆನ್ ಅಂದಳು, "ಇವಳು ಸುಮ್ಮನೆ ನಿಲ್ಲಿಸಿಬಿಟ್ಳು!"

ತೂವಾ ನನ್ನನ್ನು ನೋಡಿದಳು. ಏನು ಎಂದು ಕೈಯಲ್ಲಿ ಕೇಳಿದೆ. ಬೋರ್ಡು ಒಂದು ಹೇಳುತ್ತದೆ, ಕೈ ಒಂದು ಹೇಳುತ್ತದೆ, ಯಾವುದು ಎಂದು ಕೇಳಿದಳು.

ಹೆನ್ನಿಂಗ್ ಗಡಿಯಾರ ನೋಡಿದ. "ದುಂಡು ಮೊದಲು, ಅಷ್ಟೇ ವಿಷಯ. ಶುರು ಮಾಡಿ. ಟೊರ್ನಿ, ಆ ಗುಂಡಿ ತೆಗಿ."

ಟೊರ್ನಿ ಯಂತ್ರದ ಪಕ್ಕದಲ್ಲೇ ಇದ್ದ. ಜೇಬಿಗೆ ಕೈ ಹಾಕಿ ನಿಂತ. "ಬೋರ್ಡಲ್ಲಿ ಬರೀರಿ, ತೆಗೀತೀನಿ."

ಬರೆಯಬೇಕಾದ ಪೆನ್ನು ಹಿಟ್ಟಿನ ಕೋಣೆಯಲ್ಲಿತ್ತು. ಹೋಗಿ ತಂದೆ. ಬೋರ್ಡು ಒರೆಸಿ ಬರೆದೆ: ದುಂಡು ಮೊದಲು, ಚೌಕ ಆಮೇಲೆ, ಕಾರಣ, ಯಾರು ಹೇಳಿದ್ದು, ಎಷ್ಟು ಹೊತ್ತಿಗೆ. ತೂವಾ ಓದಿದಳು. ಗುಂಡಿಯಿಂದ ಕೈ ತೆಗೆದಳು.

ಪಾಳಿ ಮುಗಿದ ಮೇಲೆ ಹೆನ್ನಿಂಗ್ ದಾಖಲೆ ಪುಸ್ತಕ ಕೇಳಿದ. "ಹನ್ನೊಂದು ನಿಮಿಷ ನಿಂತಿದ್ದಕ್ಕೆ ಯಂತ್ರದ ತೊಂದರೆ ಅಂತ ಹಾಕು. ಅವಳಿಗೂ ಒಳ್ಳೇದು. ಕೊನೆಗೆ ಏನೂ ತಪ್ಪಿರಲಿಲ್ವಲ್ಲ! ದುಂಡು ಮೊದಲು ಮಾಡಿದ್ರೆ ಯಾರಿಗೇನು ನಷ್ಟ ಆಗ್ತಿತ್ತು?"

ಇದೇ ನೋಡಿ ನನಗೆ ತಡೆಯಲಾಗದ್ದು. ಏನಾದರೂ ತಪ್ಪು ಸಿಕ್ಕಿದ್ದರೆ ಇವರೆಲ್ಲ ಅವಳ ಬೆನ್ನು ತಟ್ಟುತ್ತಿದ್ದರು, ಜಾಣೆ, ನಮ್ಮನ್ನು ಉಳಿಸಿದಳು ಎಂದು ಬನ್ನು ತರಿಸುತ್ತಿದ್ದರು. ತಿಳಿದುಕೊಳ್ಳುವ ಹಕ್ಕಿಗಾಗಿ ಅವಳು ಪ್ರತಿಸಲ ಬೇಕರಿಯನ್ನೇ ಕಾಪಾಡಬೇಕೇ? ನನಗೆ, ಮೈಕೆನ್‌ಗೆ, ಟೊರ್ನಿಗೆ ಏನು ನಡೆಯುತ್ತಿದೆ ಎಂದು ಹೇಳುವಾಗ ಅದರಿಂದ ಏನು ಲಾಭ ಎಂದು ಯಾರೂ ಕೇಳುವುದಿಲ್ಲ. ನಾವು ಅಲ್ಲಿದ್ದೇವೆ, ಆದ್ದರಿಂದ ಹೇಳುತ್ತಾರೆ.

ಹೆನ್ನಿಂಗ್ ನೋಡುತ್ತಿದ್ದ ಹಾಗೆಯೇ ಬರೆದೆ, ಅವನ ಕಡೆಗೆ ಪುಸ್ತಕ ತಿರುಗಿಸಿದೆ:

"ನಿಲುಗಡೆ: 11 ನಿಮಿಷ. ಯಂತ್ರದಲ್ಲಿ ದೋಷವಿಲ್ಲ. ಲೈನಿನಲ್ಲಿ ಏಳು ಜನ. ಕ್ರಮ ಬದಲಾದದ್ದನ್ನು ಆರು ಜನರಿಗೆ ತಿಳಿಸಲಾಗಿತ್ತು. ಏಳನೆಯವರಿಗೆ ತಿಳಿಸಿದ ಮೇಲೆ ಕೆಲಸ ಶುರುವಾಯಿತು."